ಉಜ್ಜಿದಷ್ಟೂ ಹೊಳೆದ ಬಿರುಕು

ಮೊದಲ ಲಾಟು ಕತ್ತಲೆ ಕೋಣೆಗೆ ಹೋದ ದಿನ ನಾನು ಚಿತ್ರಾನ್ನದ ಡಬ್ಬಿಯನ್ನು ತೆರೆಯದೆ ಮನೆಗೆ ವಾಪಸ್ ತಂದೆ. ಸಾಯಂಕಾಲ ಡಬ್ಬಿ ತೊಳೆಯಲು ಮುಚ್ಚಳ ತೆಗೆದ ನಮ್ಮ ಯಜಮಾನರು ಒಳಗೆ ನೋಡಿ, ಏನೂ ಕೇಳದೆ, ಅದನ್ನೇ ಬಾಣಲೆಯಲ್ಲಿ ಬಿಸಿ ಮಾಡಿ ತಂದಿಟ್ಟರು. ಕೇಳಿದ್ದರೂ ಹೇಳುವುದಕ್ಕೆ ಒಂದೇ ಮಾತಿತ್ತು. ನಮ್ಮ ಬ್ರಾಕೆಟ್ಟುಗಳಲ್ಲಿ ಬಿರುಕು ಕಂಡಿತ್ತು.

ನಮ್ಮದು ಕೊಯಮತ್ತೂರಿನಿಂದ ಪಲ್ಲಡಂ ಕಡೆ ಹೋಗುವ ದಾರಿಯಲ್ಲಿರುವ ಒಂದು ವರ್ಕ್‌ಶಾಪು. ಈ ಕಡೆಯ ಎಷ್ಟೋ ವರ್ಕ್‌ಶಾಪುಗಳ ಹಾಗೆ ಬಾವಿಯ ಪಂಪಿಗೆ ಬಿಡಿಭಾಗ ಮಾಡಿಕೊಂಡು ಬೆಳೆದದ್ದು. ಸೇನೆಗೆ ಒಂದು ದೊಡ್ಡ ಸಾಗಣೆ ವಿಮಾನವನ್ನು ದೇಶದಲ್ಲೇ ಹೊಸದಾಗಿ ಕಟ್ಟುತ್ತಿದ್ದಾರೆ, ಅದರ ಭಾಗಗಳನ್ನು ಸಣ್ಣ ವರ್ಕ್‌ಶಾಪುಗಳಿಗೂ ಕೊಡುತ್ತಾರೆ ಎಂದು ಗೊತ್ತಾದಾಗ ಓನರು ಬೆನ್ನು ಹತ್ತಿ ಒಂದು ಭಾಗದ ಕೆಲಸ ತಂದರು. ಆ ವಿಮಾನದ ಹೊಟ್ಟೆಯೊಳಗೆ ಜೀಪು, ತೋಪು, ಔಷಧಿಯ ಪೆಟ್ಟಿಗೆ ಎಲ್ಲವನ್ನೂ ಲೋಹದ ಹಲಗೆಗಳ ಮೇಲಿಟ್ಟು ಒಳಕ್ಕೆ ನೂಕುತ್ತಾರೆ. ಹಾರುವಾಗ ಆ ಹಲಗೆ ಜರುಗದಂತೆ ನೆಲದಲ್ಲಿ ಕಚ್ಚಿ ಹಿಡಿಯುವ ಬೀಗಗಳಿರುತ್ತವೆ. ಆ ಬೀಗ ಕೂರುವ ಬ್ರಾಕೆಟ್ಟು ನಮ್ಮದು. ಅಲ್ಯೂಮಿನಿಯಂ ಮಿಶ್ರಲೋಹದ ಗಟ್ಟಿಯನ್ನು ಕೊರೆದು ಮಾಡುವಂಥದ್ದು. ಅಂಗೈಗಿಂತ ದೊಡ್ಡದು, ಕೈಯಲ್ಲಿ ಹಿಡಿದರೆ ಸುಲಿದ ತೆಂಗಿನಕಾಯಿಯಷ್ಟು ತೂಕ. ಪಕ್ಕದ ಸೀಟುಗಳಲ್ಲಿ ಸೈನಿಕರು ಕೂತಿರುತ್ತಾರೆ. ಬ್ರಾಕೆಟ್ಟು ಬಿರುಕು ಬಿಟ್ಟರೆ ಜೀಪು ಅವರ ಮೇಲೆ ಬರುತ್ತದೆ. ಗುಣಮಟ್ಟ ನೋಡುವ ನನಗೆ ಓನರು ಮೊದಲ ದಿನ ಇಷ್ಟನ್ನೇ ಹೇಳಿದ್ದರು, ಮತ್ತೇನೂ ಹೇಳಬೇಕಾಗಿರಲಿಲ್ಲ.

ಈ ಕೆಲಸಕ್ಕೆಂದೇ ಶೆಡ್ಡಿನ ಒಂದು ಪಕ್ಕಕ್ಕೆ ಗಾಜಿನ ಗೋಡೆ ಹಾಕಿ ಏಸಿ ಇಡಿಸಿದರು. ಪಂಪಿನ ಕಡೆಯವರು ನಮ್ಮನ್ನು “ಮೇಲ್ಲೋಕದವರು” ಎಂದು ಕರೆಯತೊಡಗಿದರು. ಟೀ ಬಂದಾಗ “ಮೇಲ್ಲೋಕಕ್ಕೆ ಸಕ್ಕರೆ ಬೇಕಾ, ಅಮೃತವೇ ಸಾಕಾ” ಎಂದು ಗಾಜು ತಟ್ಟಿ ಕೇಳುತ್ತಿದ್ದರು. ಮೊದಲ ಲಾಟು, ಅಂದರೆ ಒಂದು ವಿಮಾನಕ್ಕೆ ಬೇಕಾದಷ್ಟು ತುಂಡುಗಳು, ಪಾಸಾದರೆ ಈ ಬ್ರಾಕೆಟ್ಟು ಇನ್ನು ಮುಂದೆ ನಮ್ಮದು. ಪಾಸಾಗದಿದ್ದರೆ ಕೆಲಸ ಇನ್ನೊಬ್ಬರ ಪಾಲಾಗುತ್ತದೆ, ಗಾಜಿನ ಗೋಡೆ ಕಳಚಿ ನಾವೆಲ್ಲ ಪಂಪಿಗೆ ವಾಪಸ್.

ವಿಮಾನ ಕಟ್ಟುವ ಕಂಪನಿಯಿಂದ ನಮ್ಮನ್ನು ನೋಡಿಕೊಳ್ಳಲು ಒಬ್ಬ ಪ್ರತಿನಿಧಿ ಬರುತ್ತಿದ್ದರು. ಬೆಂಗಳೂರಿನವರು, ನನ್ನ ತಮ್ಮನಷ್ಟು ವಯಸ್ಸು. ನಾವು ಪ್ರಯೋಗಕ್ಕೆಂದು ಮಾಡಿದ ಮೊದಲ ತುಂಡುಗಳು ಪರೀಕ್ಷೆಯಲ್ಲಿ ಚೆನ್ನಾಗಿಯೇ ಬಂದಿದ್ದವು. ಆದರೂ ಅವರು ಶಾಪೆಲ್ಲ ಸುತ್ತಿ, ಮೂಲೆಯಲ್ಲಿದ್ದ ಬನಿಯನ್ ವೇಸ್ಟಿನ ಮೂಟೆಯ ಮುಂದೆ ನಿಂತರು. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿ ಕತ್ತರಿಸಿ ಉಳಿದ ಚೂರು ಬಟ್ಟೆ ಅದು. ನಮ್ಮ ಕಡೆ ಯಂತ್ರ ಇರುವಲ್ಲೆಲ್ಲ ಒರೆಸುವುದಕ್ಕೆ ಅದೇ.

“ಇದು ನಾರು ಬಿಡತ್ತೆ ಮೇಡಂ. ವಿಮಾನದ ಕೆಲಸಕ್ಕೆ ಹೊಸ ಬಟ್ಟೆ ಬೇಕು. ಒಂದೇ ಅಳತೆ, ಸುತ್ತ ಅಂಚು ಮಡಿಸಿ ಹೊಲಿದಿರಬೇಕು. ಬಿಳುಪು ಮಾಡಿದ್ದು ಬೇಡ. ಆ ಬಿಳುಪಿನ ಪುಡಿ ಪರೀಕ್ಷೆಯ ದೀಪದಡಿ ಹೊಳೆಯತ್ತೆ.”

ಆ ಮಾತು ನನಗೆ ಹಿಡಿಸಿತು. ನಾನೇ ತಿರುಪ್ಪೂರಿಗೆ ಹೋಗಿ, ಬಿಳುಪು ಮಾಡದ, ಹಾಲಿನ ಕೆನೆಯ ಬಣ್ಣದ ಹತ್ತಿ ಬಟ್ಟೆ ಹುಡುಕಿದೆ. ಒಂದು ತುಂಡು ತಂದು ದೀಪದಡಿ ಹಿಡಿದು ನೋಡಿ, ಹೊಳೆಯುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಇಡೀ ಥಾನು ಕೊಂಡೆ. ಅಂಚು ಹೊಲಿಯುವುದಕ್ಕೆ ನೆಗಮಂನ ಚಿಕ್ಕಮ್ಮನಿಗೆ ಕೊಟ್ಟೆ. ಅವರು ನಮ್ಮ ಯಜಮಾನರ ಕಡೆ ದೂರದ ನಂಟು. ಮನೆಯಲ್ಲಿ ಮಗ್ಗವಿದೆ, ಗಂಡ ಸೀರೆ ನೇಯುತ್ತಾರೆ, ಇವರು ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾರೆ. ನಮ್ಮ ಶಾಪಿಗೆ ಚೂರು ಬಟ್ಟೆ ಜೋಡಿಸಿ ಹೊಲಿದು ಕೊಡುತ್ತಿದ್ದವರೂ ಅವರೇ. ಥಾನನ್ನು ಮಡಿಲಲ್ಲಿಟ್ಟು, ಇದು ಎಲ್ಲಿಗೆ, ಯಾತಕ್ಕೆ ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿ ಬಂದೆ.

ಈಗ ಪರೀಕ್ಷೆಯ ವಿಷಯ ಹೇಳಬೇಕು. ಕಣ್ಣಿಗೆ ಕಾಣದ ಬಿರುಕನ್ನು ಕಾಣಿಸುವ ಪರೀಕ್ಷೆ ಇದು. ಮೊದಲು ತುಂಡನ್ನು ಅಸಿಟೋನ್ ಹಾಕಿದ ಬಟ್ಟೆಯಿಂದ ಒರೆಸಿ ಎಣ್ಣೆ ಜಿಡ್ಡು ತೆಗೆಯುತ್ತೇವೆ. ಆಮೇಲೆ ಹೊಳೆಯುವ ಒಂದು ದ್ರವದಲ್ಲಿ ಅದ್ದಿ ಇಡುತ್ತೇವೆ. ಬಿರುಕಿದ್ದರೆ ದ್ರವ ಅದರೊಳಗೆ ಇಳಿದು ಕೂರುತ್ತದೆ. ಹೊರಗಿನದನ್ನು ನೀರಲ್ಲಿ ತೊಳೆದು, ಒಣಗಿಸಿ, ಬಿಳಿ ಪುಡಿ ಉದುರಿಸಿ ಕತ್ತಲೆ ಕೋಣೆಗೆ ಒಯ್ಯುತ್ತೇವೆ. ಅಲ್ಲಿ ನೇರಳೆ ದೀಪದಡಿ ಇಟ್ಟರೆ, ಬಿರುಕಿನಿಂದ ಮೇಲೆ ಬಂದ ದ್ರವ ಹಸಿರು ಬೆರೆತ ಹಳದಿಯಲ್ಲಿ ಗೆರೆಯಾಗಿ ಹೊಳೆಯುತ್ತದೆ. ಗೆರೆ ಕಂಡರೆ ಅಸಿಟೋನಿನ ಬಟ್ಟೆಯಿಂದ ಅದನ್ನು ಒಮ್ಮೆ ಒರೆಸಿ, ಮತ್ತೆ ಪುಡಿ ಹಾಕಿ ಕಾಯಬೇಕು. ಗೆರೆ ಮತ್ತೆ ಬರದಿದ್ದರೆ ಅದು ಮೇಲಿನ ಕೊಳೆ. ಮತ್ತೆ ಬಂದರೆ ಬಿರುಕು.

ನಮ್ಮ ಬ್ರಾಕೆಟ್ಟಿನೊಳಗೆ ನಾಲ್ಕು ಇಕ್ಕಟ್ಟಾದ ಮೂಲೆಗಳಿವೆ. ಭಾರ ಬೀಳುವುದೂ ಅಲ್ಲಿಗೇ, ಬಿರುಕು ಹುಟ್ಟುವುದಿದ್ದರೂ ಅಲ್ಲೇ. ಮೊದಲ ಲಾಟಿನ ಮೊದಲ ತುಂಡಿನ ಮೂಲೆಯಲ್ಲೇ ಗೆರೆ ಕಂಡಿತು. ಒರೆಸಿದೆವು. ಮತ್ತೆ ಬಂತು. ಎರಡನೆಯದರಲ್ಲೂ, ಅದರ ಮುಂದಿನದರಲ್ಲೂ. ಪರೀಕ್ಷೆ ಮಾಡುವ ಹುಡುಗಿ ದೀಪ ಆರಿಸದೆ ನನ್ನ ಕಡೆ ತಿರುಗಿದಳು. ಅವಳು ತೊಂಡಾಮುತ್ತೂರಿನ ಬೇಸಾಯದ ಮನೆಯವಳು. ಮನೆಯಲ್ಲಿ ಕನ್ನಡ, ಓದಿದ್ದು ತಮಿಳಲ್ಲಿ. ಶಾಪಿನಲ್ಲಿ ಎಲ್ಲರ ಜೊತೆ ತಮಿಳು ಮಾತಾಡಿ ನನ್ನ ಹತ್ತಿರ ಮಾತ್ರ ಮನೆಮಾತಿಗೆ ಬರುತ್ತಿದ್ದಳು. ಆ ಕನ್ನಡದಲ್ಲೂ ನಡುನಡುವೆ ಈ ಕಡೆಯ ತಮಿಳಿನ ಮರ್ಯಾದೆಯ ‘ಉಂಗ’ ಸೇರಿಕೊಳ್ಳುತ್ತಿತ್ತು.

“ಅಕ್ಕಾ, ಎಲ್ಲಾದ್ರಲ್ಲೂ ಇರೋದಾ? ಒಂದೂ ತಪ್ಪಿಸ್ಕೊಂಡಿಲ್ವಾ?”

“ನೀನೇ ನೋಡ್ತಿದೀಯಲ್ಲ.”

“ನೋಡ್ತಿದೀನಿ. ನೀವು ಬೇರೆ ಏನಾದ್ರೂ ಹೇಳ್ತೀರಾ ಅಂತ ಕೇಳ್ದೆ.”

ನಾನು ಮುಂದಿನ ತುಂಡನ್ನು ದೀಪದಡಿ ಇಟ್ಟೆ.

ಮೊದಲು ಲೋಹವನ್ನು ಅನುಮಾನಿಸಿದೆವು. ಅದೇ ಗಟ್ಟಿಯಿಂದ ಉಳಿದ ಚೂರನ್ನು ಹೊರಗಿನ ಪ್ರಯೋಗಾಲಯಕ್ಕೆ ಕಳಿಸಿ ಕಾದೆವು. ಲೋಹ ಸರಿಯಾಗಿದೆ ಎಂದು ಬಂತು. ಆಮೇಲೆ ಕೊರೆಯುವ ಉಪಕರಣದ ಮೇಲೆ ಅನುಮಾನ ಹೋಯಿತು: ಮೊಂಡಾದ ಉಪಕರಣ ಮೂಲೆಯಲ್ಲಿ ಲೋಹವನ್ನು ಕೊರೆಯುವ ಬದಲು ಹರಿದಿರಬಹುದು. ಲೋಹ ಕೊರೆಯುವ ಮಿಲ್ಲಿಂಗ್ ಯಂತ್ರ ನಡೆಸುವವನು ಧಾರಾಪುರದವನು. ಎಲ್ಲರೂ ತಂಬಿ ಎನ್ನುತ್ತೇವೆ. ಪಂಪಿನ ಕಡೆಯಿಂದ ಇಲ್ಲಿಗೆ ಬರಲು ಹೊಸದಾಗಿ ತರಬೇತಿ ತಗೊಂಡಿದ್ದ. ಉಪಕರಣವನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದ, ಚೂಪಾಗಿಯೇ ಇತ್ತು. ಹೊಸದು ಹಾಕಿ, ವೇಗ ಇಳಿಸಿ, ಎರಡು ತುಂಡಿನ ಮೂಲೆಗಳನ್ನು ನಕ್ಷೆಯ ಅಳತೆ ತಪ್ಪದಷ್ಟೇ ತೆಳ್ಳಗೆ ಮತ್ತೆ ಕೊರೆದ. ಬಿರುಕು ಮೇಲ್ಮೈಯಲ್ಲಿದ್ದರೆ ಹೋಗಬೇಕಿತ್ತು.

ಆ ಎರಡನ್ನು ನಾನೇ ಒರೆಸಿದೆ. ಒಳಮೂಲೆಗೆ ಬೆರಳು ಹೋಗುವುದಿಲ್ಲ. ಬಟ್ಟೆಯ ಮೂಲೆಯನ್ನು ಬತ್ತಿಯ ಹಾಗೆ ಹೊಸೆದು, ಅಸಿಟೋನಿನಲ್ಲಿ ಅದ್ದಿ, ಅದನ್ನು ಒಳಗೆ ತೂರಿಸಿ ತಿರುಗಿಸುತ್ತೇವೆ. ಒಂದಕ್ಕೆ ಎರಡು ಬಟ್ಟೆ ಬಳಸಿದೆ. ದೀಪದಡಿ ಗೆರೆಗಳು ಮೊದಲಿಗಿಂತ ದಪ್ಪಗೆ ಬಂದವು.

ಆ ದಿನಗಳ ಬೇಜಾರು ಬರೆದರೆ ತಿಳಿಯುವಂಥದ್ದಲ್ಲ. ಎಲ್ಲಿ ಕಡಿಮೆ ಒರೆಸಿದ್ದೆವೋ ಅಲ್ಲಿ ಗೆರೆ ಸಣ್ಣಗೆ, ಎಲ್ಲಿ ಜಾಗ್ರತೆ ಮಾಡಿದೆವೋ ಅಲ್ಲಿ ದಪ್ಪಗೆ. ಚೆನ್ನಾಗಿ ಶುಚಿ ಮಾಡಿದ್ದಕ್ಕೇ ಬಿರುಕಿನ ಬಾಯಿ ತೆರೆದು ದ್ರವ ಹೆಚ್ಚು ಇಳಿದಿದೆ ಎಂದು ನಾವೇ ಅರ್ಥ ಹಚ್ಚಿಕೊಂಡೆವು. ಪರೀಕ್ಷೆಯ ಪುಸ್ತಕದಲ್ಲೂ ಹಾಗೇ ಇದೆ. ಪುಸ್ತಕ ಸರಿಯಾಗಿಯೇ ಇತ್ತು.

ಪ್ರತಿನಿಧಿಯ ಫೋನು ದಿನವೂ ಬರುತ್ತಿತ್ತು. ಅಲ್ಲಿ ವಿಮಾನದ ನೆಲ ತೆರೆದುಕೊಂಡು ನಮ್ಮ ಬ್ರಾಕೆಟ್ಟಿಗೆ ಕಾಯುತ್ತಿದೆ, ಅದು ಬರದೆ ಮೇಲಿನ ಹಾಸು ಮುಚ್ಚುವಂತಿಲ್ಲ, ಅದು ಮುಚ್ಚದೆ ಮುಂದಿನವರು ಒಳಗೆ ಕಾಲಿಡುವಂತಿಲ್ಲ. ಒಂದು ದಿನ ಅವರೇ ಬಂದು ಕತ್ತಲೆ ಕೋಣೆಯಲ್ಲಿ ಒಂದೊಂದನ್ನೂ ತಿರುಗಿಸಿ ನೋಡಿದರು. ಹೊರಗೆ ಬಂದು ಕಣ್ಣು ಉಜ್ಜಿಕೊಂಡು ಹೇಳಿದರು.

“ಮೇಡಂ, ಬಿರುಕು ಅಂದ್ರೆ ಬಿರುಕು. ಲೋಹ ಸರಿ ಇದೆ ಅಂತೀರಿ, ಉಪಕರಣ ಸರಿ ಇದೆ ಅಂತೀರಿ. ಹಾಗಾದ್ರೆ ಇದು ಎಲ್ಲಿಂದ ಬಂತು?”

“ಅದನ್ನೇ ಹುಡುಕ್ತಿದೀವಿ ಸರ್.”

“ಹುಡುಕಿ. ಆದ್ರೆ ಲಾಟು ಗುಜರಿಗೆ ಅಂತ ಸಹಿ ಹಾಕಿ ಹುಡುಕಿ. ನಾನು ಬೇರೆ ಕಡೆ ಮಾಡಿಸ್ಬೇಕು. ವಾರದ ಕೊನೆಗೆ ನಂಗೆ ಉತ್ತರ ಬೇಕು.”

ಅವರು ಹೋದ ಮೇಲೆ ಓನರು ಧಾರಾಪುರದ ತಂಬಿಯನ್ನು ಪಂಪಿನ ಕಡೆಗೆ ಕಳಿಸಿದರು. ಅವನ ತಪ್ಪೆಂದು ಹೇಳಲಿಲ್ಲ, ತಪ್ಪಲ್ಲವೆಂದೂ ಹೇಳಲಿಲ್ಲ. ತಂಬಿ ತನ್ನ ನೀರಿನ ಬಾಟಲಿ, ಟವೆಲ್ಲು ಎತ್ತಿಕೊಂಡು ಗಾಜಿನ ಬಾಗಿಲು ದಾಟಿದ. ಅಲ್ಲಿ ಯಾರೋ “ವಾಂಗ ವಾಂಗ, ಮೇಲ್ಲೋಕದಲ್ಲಿ ಜಾಗ ಇಲ್ವಾ” ಎಂದು ಬರಮಾಡಿಕೊಂಡರು. ಅವನು ನಕ್ಕ. ಆ ನಗುವನ್ನು ನೋಡಲಾಗದೆ ನಾನು ಒಳಗೆ ಹೋದೆ.

ಅದೇ ಹೊತ್ತಿಗೆ ಪರೀಕ್ಷೆಯ ಹುಡುಗಿಗೆ ಮದುವೆ. ನಿಶ್ಚಯವಾಗಿದ್ದ ದಿನ, ಮುಂದೂಡುವ ಹಾಗಿರಲಿಲ್ಲ. ರಜೆಯಲ್ಲಿ ಅವಳ ಜಾಗಕ್ಕೆ ಬೇರೆ ಶಾಪಿನಿಂದ ಒಬ್ಬ ಅನುಭವಸ್ಥರನ್ನು ಕರೆಸಿದೆವು. ಅವರೂ ನಮ್ಮ ತುಂಡು ಒರೆಸಿ, ಅದ್ದಿ, ತೊಳೆದು, ನೋಡಿ, “ಬಿರುಕೇ ಇದು” ಎಂದು ಹೋದರು. ಹುಡುಗಿಯ ಕಣ್ಣಿನ ದೋಷವೇನಾದರೂ ಇರಬಹುದೇ ಎಂಬ ಒಂದು ಆಸೆಯೂ ಹೋಯಿತು.

ಉಳಿದದ್ದು ಒಂದೇ ದಾರಿ. ಒಂದು ಬ್ರಾಕೆಟ್ಟನ್ನು ಮೂಲೆಗೆ ಅಡ್ಡವಾಗಿ ಕೊಯ್ದು, ಕೊಯ್ದ ಮುಖವನ್ನು ಕನ್ನಡಿಯಂತೆ ನಯ ಮಾಡಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು. ಬಿರುಕಿದ್ದರೆ ಎಷ್ಟು ಆಳ, ಯಾವ ಕಡೆ ತಿರುಗಿದೆ ಎಂದು ಕಾಣುತ್ತದೆ. ಅದರಿಂದ ಕಾರಣ ಸಿಗಬಹುದು. ಆದರೆ ಲಾಟಿನಲ್ಲಿ ಹೆಚ್ಚುವರಿ ತುಂಡು ಇರಲಿಲ್ಲ. ವಿಮಾನಕ್ಕೆ ಬೇಕಾದಷ್ಟೇ ಗಟ್ಟಿ ಬಂದಿತ್ತು.

ಓನರು ಒಪ್ಪಲಿಲ್ಲ. “ನಾಳೆ ಏನಾದರೂ ಮಾಡಿ ಸರಿಯಾಯಿತು ಅಂತ ಇಟ್ಟುಕೋ. ಆಗ ಒಂದು ಕಮ್ಮಿ ಇರತ್ತಲ್ಲಮ್ಮ. ನಮ್ಮ ಕೈಯಾರೆ ಕೊಯ್ದದ್ದು ಅಂತ ಹೇಳೋದಾ?”

“ಇಲ್ಲದಿದ್ದರೆ ಅಷ್ಟೂ ಗುಜರಿಗೆ ಹೋಗತ್ತೆ ಸರ್. ಯಾಕೆ ಹೋಯಿತು ಅಂತಲೂ ಗೊತ್ತಿರಲ್ಲ.”

ಅವರು ಕಿಟಕಿಯಿಂದ ಆಚೆ ಪಂಪಿನ ಕಡೆ ನೋಡಿದರು. ಅಲ್ಲಿ ತಂಬಿ ಹಳೆಯ ಲೇತಿನ ಮುಂದೆ ನಿಂತಿದ್ದ. “ನಿನ್ನ ಇಷ್ಟ. ಸಹಿ ನೀನೇ ಹಾಕು.”

ಹಾಕಿದೆ. ಗೆರೆ ಎಲ್ಲಕ್ಕಿಂತ ದಪ್ಪಗಿದ್ದ ತುಂಡನ್ನೇ ಆರಿಸಿ, ಗೆರೆಯ ಮೇಲೆ ಗುರುತು ಮಾಡಿ, ತಂಬಿಯನ್ನೇ ಕರೆಸಿ ಕೊಯ್ಯಿಸಿದೆ. ಅವನು ಮಾಡಿದ್ದನ್ನು ಅವನ ಕೈಯಲ್ಲೇ ಕೊಯ್ಯಿಸುವುದು ಸರಿಯೋ ಅಲ್ಲವೋ ಗೊತ್ತಿರಲಿಲ್ಲ. ಬೇರೆಯವರು ಕೊಯ್ದರೆ ಅವನಿಗೆ ಇನ್ನೂ ಕಷ್ಟವಾಗುತ್ತಿತ್ತು ಅನ್ನಿಸಿತು. ಮೆಲ್ಲಗೆ, ನೀರು ಬಿಡುತ್ತ ಕೊಯ್ದ.

ಸೂಕ್ಷ್ಮದರ್ಶಕದಲ್ಲಿ ಏನೂ ಇರಲಿಲ್ಲ. ಮೂಲೆಯ ತಿರುವು ಉಂಗುರದಷ್ಟು ನಯ. ಇನ್ನಷ್ಟು ಸವೆಸಿ ನೋಡಿದೆವು, ಮತ್ತೂ ಸವೆಸಿದೆವು. ಒಂದು ಕೂದಲಿನಷ್ಟೂ ಬಿರುಕಿಲ್ಲ. ಒಳ್ಳೆಯ ಬ್ರಾಕೆಟ್ಟೊಂದನ್ನು ನಾನು ಕೊಯ್ಯಿಸಿ ಹಾಕಿದ್ದೆ.

ಪ್ರತಿನಿಧಿಗೆ ಫೋನು ಮಾಡಿದೆ. ಸಂತೋಷಪಡುತ್ತಾರೆಂದುಕೊಂಡಿದ್ದೆ.

“ನೀವು ಕೊಯ್ದ ಜಾಗದಲ್ಲಿ ಇಲ್ಲ ಅಷ್ಟೇ ಮೇಡಂ. ಪಕ್ಕದಲ್ಲೇ ಇರಬಹುದು. ಹೊಳೀತಿರೋದಂತೂ ನಿಜ ತಾನೇ?”

ಫೋನಿಟ್ಟೆ. ಅವರ ಮಾತಿನಲ್ಲಿ ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. ಇನ್ನೊಂದನ್ನು ಕೊಯ್ದರೂ ಇದೇ ಮಾತು ಬರುತ್ತಿತ್ತು. ಬಿರುಕಿಲ್ಲ ಎನ್ನುವುದನ್ನು ಕೊಯ್ದು ತೋರಿಸುತ್ತ ಹೋದರೆ ಕೊನೆಗೆ ವಿಮಾನಕ್ಕೆ ಹಾಕಲು ಏನೂ ಉಳಿಯುತ್ತಿರಲಿಲ್ಲ.

ವಾರದ ಕೊನೆಗೆ ಇನ್ನು ಒಂದು ದಿನವಿರುವಾಗ ಹುಡುಗಿ ಕೆಲಸಕ್ಕೆ ವಾಪಸ್ ಬಂದಳು. ಮಧ್ಯಾಹ್ನದ ಊಟ ಮುಗಿಸಿ ಇಬ್ಬರೂ ಕತ್ತಲೆ ಕೋಣೆಗೆ ಹೋದೆವು. ಗುಜರಿ ಕಾಗದಕ್ಕೆ ಸಹಿ ಹಾಕುವ ಮೊದಲು ಕೊನೆಯದಾಗಿ ಅವಳೂ ಒಮ್ಮೆ ನೋಡಲಿ ಎಂದು. ಒಳಗೆ ಹೋದೊಡನೆ ದೀಪ ಹಾಕುವಂತಿಲ್ಲ. ಕತ್ತಲಿಗೆ ಕಣ್ಣು ಹೊಂದುವವರೆಗೆ ಸುಮ್ಮನೆ ನಿಲ್ಲಬೇಕು. ನಿಂತು ಮದುವೆಮನೆಯ ಮಾತಾಡಿದೆವು.

“ಅತ್ತೆ ಹೆಂಗೆ?”

“ಒಳ್ಳೇವ್ರುಂಗಕ್ಕಾ. ಈ ಕೆಲಸ ಏನು ಅಂತ ಕೇಳುದ್ರು. ಕತ್ಲೆ ಕೋಣೇಲಿ ನಿಂತು ಬಿರುಕು ಹುಡುಕೋದು ಅಂದೆ. ‘ಅದಕ್ಕೆ ಸಂಬಳ ಬೇರೆ ಕೊಡ್ತಾರಾ, ನಮ್ಮ ಮನೆ ಗೋಡೇಲೇ ಬೇಕಾದಷ್ಟಿದೆ’ ಅಂದ್ರು.”

ನಗುತ್ತಲೇ ಅವಳು ದೀಪ ಹಾಕಿ ಬ್ರಾಕೆಟ್ಟಿನ ಮೇಲೆ ಬಾಗಿದಳು. ಮೇಲಂಗಿಯ ಕೊರಳಿನಿಂದ ಏನೋ ಜಾರಿ ಕೆಳಗೆ ತೂಗಿತು. ಕತ್ತಲಲ್ಲಿ ಹಸಿರು ಬೆರೆತ ಹಳದಿಯ ಒಂದು ಹಗ್ಗ ಗಾಳಿಯಲ್ಲಿ ಆಡುತ್ತಿತ್ತು. ಅದರ ಕೆಳಗೆ, ಬ್ರಾಕೆಟ್ಟಿನ ಮೂಲೆಯಲ್ಲಿ, ಅದೇ ಬಣ್ಣದ ಗೆರೆ.

“ಏನುಂಗಕ್ಕಾ? ಯಾಕೆ ಹಂಗೆ ನೋಡ್ತೀರಿ?”

“ಅಲ್ಲಾಡ್ಬೇಡ. ನಿನ್ನ ತಾಳಿ ದಾರ ನೋಡ್ಕೋ.”

ನೋಡಿಕೊಂಡಳು. ಹೊಸ ದಾರ, ಗಟ್ಟಿಯಾಗಿ ಅರಿಶಿನ ಹಚ್ಚಿದ್ದು. ಅವಳು ಗಾಬರಿಯಾಗಿ ಹಿಂದಕ್ಕೆ ಸರಿದಳು. “ದ್ರವ ಅಂಟಿಸ್ಕೊಂಡ್ನಾ? ನಾನಿನ್ನೂ ಏನೂ ಮುಟ್ಟೇ ಇಲ್ಲ.”

ನಾನು ನನ್ನ ಬಲಗೈಯನ್ನು ದೀಪದಡಿ ಹಿಡಿದೆ. ಊಟಕ್ಕೆ ಹುಳಿ ಕಲಸಿಕೊಂಡ ಕೈ. ಸೋಪು ಹಾಕಿ ತೊಳೆದದ್ದು. ಉಗುರಿನ ಸಂದುಗಳಲ್ಲಿ ಸಣ್ಣಗೆ, ಅದೇ ಬಣ್ಣ.

“ದ್ರವ ಅಲ್ಲ. ಅರಿಶಿನ.”

ಅವಳು ದಾರವನ್ನು ಮೇಲಂಗಿಯೊಳಗೆ ಸೇರಿಸಿಕೊಂಡಳು. ಆಮೇಲೆ ತೀರಾ ಸಣ್ಣ ದನಿಯಲ್ಲಿ, “ಹಂಗಾದ್ರೆ ಎಲ್ಲಾ ನನ್ನಿಂದಾನಾ ಅಕ್ಕಾ?” ಎಂದಳು.

“ಮೊದಲ ಸಲ ಗೆರೆ ಕಂಡಾಗ ನಿನ್ನ ಕೊರಳಲ್ಲಿ ದಾರಾನೇ ಇರ್ಲಿಲ್ಲ. ಸುಮ್ಮನಿರು, ಯೋಚನೆ ಮಾಡೋಣ.”

ಯೋಚನೆ ಮಾಡಬೇಕಾದ್ದು ಹೆಚ್ಚೇನಿರಲಿಲ್ಲ. ಆ ಮೂಲೆಗಳ ತನಕ ಹೋಗುತ್ತಿದ್ದದ್ದು ಉಪಕರಣ ಬಿಟ್ಟರೆ ಒಂದೇ ವಸ್ತು. ಶೆಲ್ಫಿನಿಂದ ಯಾರೂ ಬಳಸದ ಹೊಸ ಬಟ್ಟೆಯೊಂದನ್ನು ತರಿಸಿ ದೀಪದಡಿ ಬಿಡಿಸಿದೆ. ಬಟ್ಟೆ ಕಪ್ಪಗೆ ಕಂಡಿತು. ಒಂದು ಮೂಲೆಯಲ್ಲಿ ಮಾತ್ರ, ಹೊಲಿಗೆಯ ಪಕ್ಕದಲ್ಲೇ, ಬೆರಳ ತುದಿಯಷ್ಟು ಗುಂಡಗೆ ಹೊಳೆಯುತ್ತಿತ್ತು. ಇನ್ನೊಂದು ಬಿಡಿಸಿದೆ. ಅದರಲ್ಲೂ ಇತ್ತು. ಕಟ್ಟಿನ ಎಲ್ಲದರಲ್ಲೂ ಇತ್ತು.

ಬಟ್ಟೆಯನ್ನು ಹೊರಗೆ ಬೆಳಕಿಗೆ ತಂದು ನೋಡಿದರೆ ಕೆನೆ ಬಣ್ಣದ ಮೇಲೆ ಮಂಕಾದ ಒಂದು ಹಳದಿ ಬೊಟ್ಟು. ಅದನ್ನು ನಾನು ದಿನವೂ ನೋಡಿದ್ದೆ. ಎಲ್ಲರೂ ನೋಡಿದ್ದರು. ದೀಪಾವಳಿಗೆ ನಮ್ಮ ಮನೆಯ ಪ್ರತಿಯೊಂದು ಹೊಸ ಬಟ್ಟೆಗೂ ನಾನು ಇಡುವಂಥದ್ದೇ ಅರಿಶಿನದ ಬೊಟ್ಟು, ಇಟ್ಟವರು ಚಿಕ್ಕಮ್ಮ. ಅಂಗಿ ಹಾಕಿಕೊಳ್ಳುವಾಗ ಅದನ್ನು ಯಾರಾದರೂ ನಿಂತು ನೋಡುತ್ತಾರೆಯೇ? ಒಳಮೂಲೆಗೆಂದು ಬಟ್ಟೆಯ ಮೂಲೆಯನ್ನೇ ಹೊಸೆದು ತೂರಿಸುತ್ತಿದ್ದೆವು. ಅರಿಶಿನ ನೀರಿಗೆ ಬಿಡುವುದಿಲ್ಲ, ಅಸಿಟೋನಿಗೆ ಚೆನ್ನಾಗಿ ಕರಗುತ್ತದೆ. ಕರಗಿ, ಮೂಲೆಯಲ್ಲಿ ನಿಂತು, ಒಣಗಿ ಗೆರೆಯಾಗುತ್ತಿತ್ತು. ಅನುಮಾನ ಪರಿಹಾರಕ್ಕೆ ಮತ್ತೆ ಅದೇ ಬಟ್ಟೆಯಿಂದ ಒರೆಸುತ್ತಿದ್ದೆವು. ಗೆರೆ ಮತ್ತೆ ಬರುತ್ತಿತ್ತು. ಕತ್ತಲೆ ಕೋಣೆಯಲ್ಲಿ ಒರೆಸಿದ ಬಟ್ಟೆ ಹೊಳೆದರೂ ಯಾರೂ ಕೇಳುತ್ತಿರಲಿಲ್ಲ. ದ್ರವ ಒರೆಸಿದ ಬಟ್ಟೆ ಹೊಳೆಯದೆ ಇರುತ್ತದೆಯೇ? ತಂಬಿಯ ಎರಡು ತುಂಡಿಗೆ ನಾನು ಎರಡೆರಡು ಬಟ್ಟೆ ಬಳಸಿದ್ದೆ, ಎರಡೆರಡು ಬೊಟ್ಟು.

ಮರುದಿನ ಪ್ರತಿನಿಧಿ ಬಂದರು. ಅವರ ಎದುರಿಗೇ ಮೊಹರು ಮಾಡಿದ ಪೊಟ್ಟಣದ ಒರೆಸುವ ಹಾಳೆಗಳಿಂದ ಬ್ರಾಕೆಟ್ಟುಗಳನ್ನು ತೊಳೆದು ಒರೆಸಿ, ಪರೀಕ್ಷೆಯನ್ನು ಮೊದಲಿನಿಂದ ಮಾಡಿದೆವು. ಹುಡುಗಿ ಮೇಲಂಗಿಯ ಕೊರಳ ಗುಂಡಿಯನ್ನು ಗಟ್ಟಿಯಾಗಿ ಹಾಕಿಕೊಂಡಿದ್ದಳು. ದೀಪದಡಿ ಒಂದಾದ ಮೇಲೊಂದು ಕಪ್ಪಗೆ, ಖಾಲಿ. ಎಲ್ಲ ಮುಗಿದ ಮೇಲೆ ಪ್ರತಿನಿಧಿ ಹಳೆಯ ಬಟ್ಟೆಯೊಂದನ್ನು ಕೇಳಿ ಪಡೆದು ಆ ಬೊಟ್ಟನ್ನು ತುಂಬ ಹೊತ್ತು ನೋಡಿದರು.

“ನಮ್ಮಮ್ಮನೂ ಇಡ್ತಾರೆ,” ಎಂದರು. ಆಮೇಲೆ, “ಇದನ್ನ ರಿಪೋರ್ಟಲ್ಲಿ ಹೆಂಗೆ ಬರೀತೀರಾ?”

ಅದೇ ಮುಂದಿನ ತಲೆನೋವಾಯಿತು. ಒರೆಸುವ ಬಟ್ಟೆಯಲ್ಲಿ ಅರಿಶಿನವಿತ್ತು ಎಂದು ಬರೆದೆ. ಅವರ ಮೇಲಿನ ಕಚೇರಿಯಿಂದ ವಾಪಸ್ ಬಂತು: ಅರಿಶಿನವನ್ನು ಯಾರು ಸರಬರಾಜು ಮಾಡಿದ್ದು, ಅದು ಒಪ್ಪಿಗೆ ಪಡೆದ ವಸ್ತುವೇ, ಶಾಪಿಗೆ ಯಾವ ಉದ್ದೇಶಕ್ಕೆ ತರಲಾಯಿತು. ಉತ್ತರ ಬರೆದೆ. ಮತ್ತೆ ವಾಪಸ್ ಬಂತು: ಉದ್ದೇಶ ಸ್ಪಷ್ಟವಾಗಿಲ್ಲ. ಹೊಸ ಬಟ್ಟೆಯನ್ನು ಮೊದಲ ಸಲ ಬಳಸುವ ಮುಂಚೆ ಒಳ್ಳೆಯದಾಗಲಿ ಎಂದು ಇಡುತ್ತಾರೆ ಎಂದು ಬರೆದೆ. ಒಳ್ಳೆಯದಾಗುವುದನ್ನು ಹ್ಯಾಗೆ ಪರಿಶೀಲಿಸಲಾಗುತ್ತದೆ ಎಂದು ಯಾರೂ ಕೇಳಲಿಲ್ಲ. ಅಷ್ಟರಲ್ಲಿ ವಿಮಾನದ ಕಡೆಯವರ ಒತ್ತಡ ಜಾಸ್ತಿಯಾಗಿ ಲಾಟು ಪಾಸಾಯಿತು. ಪಾಸಾದರೂ ಹೊರಡಲಿಲ್ಲ, ಒಂದು ಕಮ್ಮಿ ಇತ್ತಲ್ಲ. ಓನರು ಇನ್ನೊಂದು ಗಟ್ಟಿ ತರಿಸುವ ಕಾಗದಕ್ಕೆ ತಾವೇ ಸಹಿ ಹಾಕಿದರು. ಆ ಸಹಿಯನ್ನು ನಾನು ಹೊಸ ಗಟ್ಟಿ ಬರುವವರೆಗೂ ಮನಸ್ಸಿನಲ್ಲಿ ಹೊತ್ತುಕೊಂಡು ಓಡಾಡಿದೆ.

ತಂಬಿ ಗಾಜಿನ ಬಾಗಿಲು ದಾಟಿ ತನ್ನ ಯಂತ್ರಕ್ಕೆ ವಾಪಸ್ ಬಂದ. ಅವನ ಹತ್ತಿರ ಯಾರೂ ಕ್ಷಮೆ ಕೇಳಲಿಲ್ಲ, ಓನರು ಅವನಿಗೆ ಟೀ ತರಿಸಿಕೊಟ್ಟರು ಅಷ್ಟೇ. ಕೊಯ್ದ ಬ್ರಾಕೆಟ್ಟಿನ ಬದಲು ಹೊಸದನ್ನು ಯಂತ್ರಕ್ಕೆ ಹಾಕುತ್ತ, “ಅಕ್ಕಾ, ಆ ಅರ್ಧ ಬ್ರಾಕೆಟ್ಟಿಗೆ ಅರ್ಧ ವಿಮಾನ ಹಾರ್ತದಾ ಅಂತ ಕೇಳ್ನೋಡಿ,” ಎಂದ. ಅವನು ಆ ಮಾತನ್ನಾಡಿದ್ದು ನನ್ನನ್ನು ಎಷ್ಟು ಹಗುರ ಮಾಡಿತೆಂದು ಅವನಿಗೆ ಗೊತ್ತಿರಲಾರದು.

ಇನ್ನು ಮುಂದೆ ಪೊಟ್ಟಣದ ಹಾಳೆಯೇ, ಹೊರಗೆ ಹೊಲಿಸಿದ ಬಟ್ಟೆ ಬೇಡ ಎಂದು ಕಂಪನಿಯಿಂದ ನಿಯಮ ಬಂತು. ಚಿಕ್ಕಮ್ಮನಿಗೆ ಫೋನಿನಲ್ಲಿ “ಸದ್ಯಕ್ಕೆ ಬಟ್ಟೆ ಸಾಕು” ಎಂದಷ್ಟೇ ಹೇಳಿದೆ. ಕಾರಣ ಹೇಳಲು ಬಾಯಿ ಬರಲಿಲ್ಲ. ಹೋಗಿ ಹೇಳೋಣ, ಹೋಗಿ ಹೇಳೋಣ ಎಂದು ದಿನ ಕಳೆದವು.

ಆ ವಿಮಾನ ಸೇನೆಗೆ ಸೇರಿದ ಸುದ್ದಿ ಟೀವಿಯಲ್ಲಿ ಬಂದಾಗ ಓನರು ಪಂಪಿನ ಕಡೆಯವರನ್ನೂ ಕರೆದು ನಿಲ್ಲಿಸಿಕೊಂಡು ನೋಡಿದರು. ದೊಡ್ಡ ಹೊಟ್ಟೆಯ ವಿಮಾನ ಇಳಿಯಿತು, ಹಿಂದಿನ ಬಾಗಿಲು ತೆರೆಯಿತು, ಜೀಪುಗಳು ಹೊರಗೆ ಬಂದವು. ಒಳಗಿನ ನೆಲವನ್ನು ತೋರಿಸಲೇ ಇಲ್ಲ. “ಎಷ್ಟೊತ್ತು ಮೂತಿನೇ ತೋರಿಸ್ತಾರೆ, ಕೆಳಗೆ ತೋರ್ಸಪ್ಪಾ,” ಎಂದು ತಂಬಿ ಟೀವಿಗೆ ಹೇಳುತ್ತಿದ್ದ. ಆ ಭಾನುವಾರ ಕೊಯ್ದ ಬ್ರಾಕೆಟ್ಟಿನ ಒಂದು ಹೋಳನ್ನು, ಓನರನ್ನು ಕೇಳಿ, ಪೇಪರಿನಲ್ಲಿ ಸುತ್ತಿಕೊಂಡು ನೆಗಮಂಗೆ ಬಸ್ಸು ಹತ್ತಿದೆ. ಕೊಯ್ದದ್ದು ಹೇಗೂ ಯಾವ ವಿಮಾನಕ್ಕೂ ಬಾರದು.

ಚಿಕ್ಕಮ್ಮ ಮಗ್ಗದ ಹಿಂದೆ ಕೂತು ನೂಲು ಬಿಡಿಸುತ್ತಿದ್ದರು.

“ಬಾ ಕಣ್ಣು. ಬಟ್ಟೆ ಬೇಡ ಅಂದ್ಮೇಲೆ ಚಿಕ್ಕಮ್ಮನೂ ಬೇಡ ಅಂದ್ಕೊಂಡಿದ್ದೆ.”

“ಹಂಗಲ್ಲ ಚಿಕ್ಕಮ್ಮ. ಆ ಬಟ್ಟೆಗೆ ಅರಿಶಿನ ಇಟ್ಟಿದ್ರಲ್ಲ…”

“ಆಮಾ, ಇಟ್ಟೆ. ಹೊಸ ಬಟ್ಟೆ ಹಂಗೇ ಕೊಡ್ತಾರಾ?”

“ಮುಂಚೆ ಹೊಲ್ದು ಕೊಡ್ತಿದ್ದ ಬಟ್ಟೆಗೆ ಇಡ್ತಿರ್ಲಿಲ್ಲ.”

“ಅದು ಪಂಪಿನ ಎಣ್ಣೆ ಒರ್ಸೋ ಚೂರು. ಇದು ಏರೋಪ್ಲೇನಿಗೆ, ಪಟ್ಟಾಳದ ಹುಡುಗ್ರು ಅದ್ರೊಳಗೆ ಕೂರ್ತಾರೆ ಅಂತ ನೀನೇ ಅಲ್ವಾ ಹೇಳಿದ್ದು? ಒಂದೊಂದುಕ್ಕೂ ಕೂತು ಇಟ್ಟೆ. ಬೆರಳೆಲ್ಲಾ ಹಳ್ದಿ. ಇವ್ರು ನಗ್ತಿದ್ರು, ಏರೋಪ್ಲೇನಿಗೇ ಮದ್ವೆ ಅರಿಶಿನದ ನಲುಗು ಇಡ್ತೀಯಾ ಅಂತ.”

ನಡೆದದ್ದನ್ನು ಹೇಳಿದೆ. ದೀಪ, ಗೆರೆ, ತಂಬಿ, ಕೊಯ್ದದ್ದು, ಎಲ್ಲ. ಅವರು ನೂಲು ಬಿಡಿಸುವುದನ್ನು ನಿಲ್ಲಿಸಿ ಕೇಳಿದರು. ಮುಖದಲ್ಲಿ ಏನು ನಡೆಯುತ್ತಿದೆ ಎಂದು ನನಗೆ ತಿಳಿಯಲಿಲ್ಲ.

“ಬಿರುಕು ಇರ್ಲಿಲ್ಲ ತಾನೇ?” ಎಂದು ಕೊನೆಗೆ ಕೇಳಿದರು.

“ಇರ್ಲಿಲ್ಲ.”

“ಒಂದ್ರಲ್ಲೂ?”

“ಒಂದ್ರಲ್ಲೂ ಇಲ್ಲ ಚಿಕ್ಕಮ್ಮ.”

“ಮತ್ತೆ? ಅದುಕ್ಕೇ ತಾನೇ ಇಡೋದು.”

ನನಗೆ ನಗು ಬಂತು, ಸಿಟ್ಟೂ ಬಂತು. ಪೇಪರು ಬಿಚ್ಚಿ ಹೋಳನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಅಂಗೈಯಲ್ಲಿ ತೂಗಿ ನೋಡಿ, ಒಳಮೂಲೆಗೆ ಬೆರಳು ಹಾಕಲು ನೋಡಿ, ಹೋಗದೆ ಬಿಟ್ಟರು. “ಇಷ್ಟೇನಾ? ಇದು ಏನು ಮಾಡ್ತದೆ?”

“ಭಾರ ಜರುಗದ ಹಾಗೆ ಹಿಡ್ಕೊಂಡಿರತ್ತೆ.”

ಮಗ್ಗದ ಹಿಂದೆ ಸೀರೆಯ ಅಂಚಿನ ನೂಲು ಸಡಿಲವಾಗದಂತೆ ಒಂದು ಕಲ್ಲು ಕಟ್ಟಿ ತೂಗುಬಿಟ್ಟಿದ್ದರು. ಚಿಕ್ಕಮ್ಮ ಆ ಕಲ್ಲನ್ನು ಬಿಚ್ಚಿ, ಬ್ರಾಕೆಟ್ಟಿನ ತೂತಿನಲ್ಲಿ ಹುರಿ ಪೋಣಿಸಿ ಕಟ್ಟಿದರು. ನೂಲು ಬಿಗಿಯಾಯಿತು. ಎದ್ದು ಒಳಗೆ ಹೋಗಿ ಬಂದರು. ಬೆರಳ ತುದಿ ಹಳದಿಯಾಗಿತ್ತು. ಹೋಳಿನ ಹತ್ತಿರ ಕೈ ಒಯ್ದು, ತಡೆದು, ನನ್ನ ಕಡೆ ನೋಡಿದರು.

“ಇದುಕ್ಕೆ ಇಡ್ಬೋದಾ? ನಿಮ್ಮ ಕಂಪನೀಲಿ ಕೇಳ್ಬೇಕಾ?”

“ಇಡಿ ಚಿಕ್ಕಮ್ಮ,” ಎಂದೆ.